ಜಗಲಿಯವರೆಗೆ ಬಂದ ಸಹೋದರತ್ವ

ಉಂಡ ಮನೆಯ ಜಂತೆ ಎಣಿಸಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅನ್ನ ಹಾಕಿದವರ ಹುಳುಕನ್ನು ಆಡಿಕೊಳ್ಳುವುದು ಕೃತಘ್ನತೆ ಎಂಬುದು ಅದರ ತಾತ್ಪರ್ಯ. ಆ ಮಾತಿಗೆ ತಲೆಬಾಗಿಯೇ ಮೂವತ್ತೈದು ವರ್ಷಗಳಿಗೂ ಹೆಚ್ಚು ಕಾಲ ಒಂದು ಪ್ರಸಂಗವನ್ನು ಬರೆಯದೆ ಉಳಿಸಿಕೊಂಡಿದ್ದೆ. ಈಗ ಬರೆಯುವ ಧೈರ್ಯ ಬಂದಿದೆ. ಕಾರಣವಿಷ್ಟೆ: ನಾನು ಎಣಿಸಹೊರಟಿರುವುದು ಹೆಚ್ಚಾಗಿ ನನ್ನ ಮನೆಯ ಜಂತೆಗಳನ್ನೇ.

ಕಳೆದ ತಿಂಗಳು ಅಟ್ಟದ ಮೇಲಿನ ಟ್ರಂಕನ್ನು ಇಳಿಸಿ, ಹಳೆಯ ಕಾಗದಪತ್ರಗಳನ್ನು ವಿಂಗಡಿಸುತ್ತಿದ್ದಾಗ ಹಳದಿ ಬಣ್ಣಕ್ಕೆ ತಿರುಗಿದ ಒಂದು ಬ್ಯಾಡ್ಜು ಕೈಗೆ ಸಿಕ್ಕಿತು. ಹಲ್ಲುಚಕ್ರದ ಲಾಂಛನ, ಅದರ ಕೆಳಗೆ ಶಾಯಿಯಲ್ಲಿ ನನ್ನ ಹೆಸರು, 1988ರ ಇಸವಿ. ರೋಟರಿ ಸಂಸ್ಥೆಯ ಜಿಲ್ಲಾ ಸಮ್ಮೇಳನಕ್ಕೆ ಪ್ರತಿನಿಧಿಯಾಗಿ ಹೋಗಿದ್ದಾಗ ಎದೆಗೆ ಸಿಕ್ಕಿಸಿಕೊಂಡಿದ್ದ ಬ್ಯಾಡ್ಜು ಅದು. ರೋಟರಿಯವರ ‘ಜಿಲ್ಲೆ’ ಎಂದರೆ ಸರ್ಕಾರದ ಜಿಲ್ಲೆಯಲ್ಲ. ಹಲವು ಕಂದಾಯ ಜಿಲ್ಲೆಗಳು ಸೇರಿ ಅವರದೊಂದು ಜಿಲ್ಲೆ. ವರ್ಷಕ್ಕೊಮ್ಮೆ ಆ ಎಲ್ಲ ಊರುಗಳ ಸದಸ್ಯರು ಒಂದೆಡೆ ಸೇರುತ್ತಾರೆ. ಆ ವರ್ಷ ಸೇರಿದ್ದು ಸಾಗರ ಸೀಮೆಯ ಕಡೆ, ಮಲೆನಾಡಿನ ಒಂದು ಊರಿನಲ್ಲಿ.

ನನ್ನಂಥ ಹೈಸ್ಕೂಲು ಮೇಷ್ಟರಿಗೆ ರೋಟರಿಯ ಸಹವಾಸ ಹೇಗಾಯಿತೆಂದು ಓದುಗರು ಕೇಳಬಹುದು. ನಮ್ಮದು ಹಾಸನ ಜಿಲ್ಲೆಯ ಬಯಲುಸೀಮೆಯ ಒಂದು ಸಣ್ಣ ಊರು. ಒಂದೊಂದು ವೃತ್ತಿಗೆ ಒಬ್ಬೊಬ್ಬ ಪ್ರತಿನಿಧಿ ಎಂಬುದು ರೋಟರಿಯ ಮೂಲ ಕಲ್ಪನೆ. ಕೊಬ್ಬರಿ ವ್ಯಾಪಾರಿ, ವಕೀಲ, ಔಷಧಿ ಅಂಗಡಿಯವರು, ಸಿನಿಮಾ ಟೆಂಟಿನ ಮಾಲೀಕರು ಎಲ್ಲ ಸೇರಿದ ಮೇಲೆ ವಿದ್ಯೆಯ ಕಡೆಯಿಂದಲೂ ಒಬ್ಬನಿರಲಿ ಎಂದು ನನ್ನನ್ನು ಎಳೆದುಕೊಂಡರು. ಪತ್ರ ಬರೆಯಲು ಬರುತ್ತದೆ ಎಂಬ ಕಾರಣಕ್ಕೆ ಎರಡೇ ವರ್ಷದಲ್ಲಿ ಕಾರ್ಯದರ್ಶಿಯನ್ನಾಗಿಯೂ ಮಾಡಿದರು. ಹೀಗಾಗಿ ಕ್ಲಬ್ಬಿನ ಖರ್ಚಿನಲ್ಲಿ ಸಮ್ಮೇಳನಕ್ಕೆ ಹೊರಟೆ. ನನ್ನ ಜೊತೆ ಹೊರಟವರು ನಮ್ಮೂರಿನ ಸರ್ಕಾರಿ ಪಶು ಆಸ್ಪತ್ರೆಯ ಡಾಕ್ಟರು. ಅವರು ಹುಟ್ಟಿ ಬೆಳೆದದ್ದು ದಲಿತ ಕೇರಿಯಲ್ಲಿ. ಹಾಸ್ಟೆಲುಗಳಲ್ಲಿ ಓದಿ, ಪದವಿ ಪಡೆದು ನೌಕರಿಗೆ ಬಂದಿದ್ದರು. ನಮ್ಮ ತಾಲ್ಲೂಕಿನಲ್ಲಿ ಅವರ ಕೈಯಿಂದ ಬದುಕಿದ ಎಮ್ಮೆ, ಎತ್ತುಗಳಿಗೆ ಲೆಕ್ಕವಿರಲಿಲ್ಲ.

ಆ ದಿನಗಳಲ್ಲಿ ಸಣ್ಣ ಊರುಗಳಲ್ಲಿ ನೂರಾರು ಪ್ರತಿನಿಧಿಗಳನ್ನು ಇಳಿಸುವಷ್ಟು ಹೋಟೆಲು, ಲಾಡ್ಜುಗಳು ಇರುತ್ತಿರಲಿಲ್ಲ. ಆದ್ದರಿಂದ ಆತಿಥೇಯ ಕ್ಲಬ್ಬಿನವರು ತಮ್ಮ ತಮ್ಮ ಮನೆಗಳಿಗೇ ಇಬ್ಬರು ಮೂವರನ್ನು ಹಂಚಿಕೊಳ್ಳುತ್ತಿದ್ದರು. ನಮ್ಮಿಬ್ಬರ ಪಾಲಿಗೆ ಬಂದದ್ದು ಪೇಟೆಯಿಂದ ಏಳೆಂಟು ಕಿಲೋಮೀಟರ್ ದೂರದ ಒಂದು ಅಡಿಕೆ ತೋಟದ ಮನೆ, ಹವ್ಯಕರ ಮನೆ. ಮನೆಯ ಯಜಮಾನರು ಪೇಟೆಯಲ್ಲಿ ಅಡಿಕೆ ಮಂಡಿ ನಡೆಸುತ್ತಿದ್ದರು. ಬಸ್ ನಿಲ್ದಾಣಕ್ಕೆ ತಾವೇ ಜೀಪು ತಂದು ಕಾದು ನಿಂತಿದ್ದರು.

ಜನವರಿ ತಿಂಗಳೆಂದರೆ ಅಡಿಕೆ ಮನೆಗಳಲ್ಲಿ ಉಸಿರಾಡಲು ಪುರಸೊತ್ತಿಲ್ಲದ ಕಾಲ. ಹಗಲು ಕೊನೆಗಾರರು ಮರವೇರಿ ಕೊನೆ ಕೊಯ್ದು ಹಗ್ಗದಲ್ಲಿ ಇಳಿಬಿಡುತ್ತಾರೆ. ರಾತ್ರಿ ಅಂಗಳದಲ್ಲಿ ಸಾಲಾಗಿ ಕುಳಿತು ಹೆಂಗಸರು, ಗಂಡಸರು ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುತ್ತಾರೆ. ಒಂದು ಕಡೆ ಹಂಡೆಯಲ್ಲಿ ಅಡಿಕೆ ಬೇಯುತ್ತಿರುತ್ತದೆ, ಚೊಗರಿನ ವಾಸನೆ ಮನೆಯ ತುಂಬ ಹರಡಿರುತ್ತದೆ. ಇಂಥ ಹೊತ್ತಿನಲ್ಲಿ ಮುಖ ನೋಡದ ಇಬ್ಬರು ಅತಿಥಿಗಳನ್ನು ಮೂರು ರಾತ್ರಿ ಇರಿಸಿಕೊಳ್ಳುವುದೆಂದರೆ ಏನು ಸಾಮಾನ್ಯವೇ?

ಜೀಪಿನಿಂದ ಇಳಿಯುತ್ತಿದ್ದಂತೆ ಕೈಕಾಲಿಗೆ ಬಿಸಿನೀರು, ಜಗಲಿಯಲ್ಲಿ ಚಾಪೆ, ಬೆಲ್ಲ, ನೀರು. "ಬನ್ನಿ ಮೇಷ್ಟ್ರೇ, ಬನ್ನಿ ಡಾಕ್ಟ್ರೇ, ಆಸರಿಗೆ ಏನಾಗಬಹುದು?" ಎಂದು ಯಜಮಾನರು ಕೇಳಿದರು. ದಣಿದು ಬಂದವರಿಗೆ ಕುಡಿಯಲು ಏನು ಬೇಕೆಂದು ಆ ಸೀಮೆಯವರು ಕೇಳುವ ಬಗೆ ಅದು. ಬಯಲುಸೀಮೆಯ ನನಗೆ ಆ ಪದವೇ ಹೊಸದು. ಕೇಳಿದ ಕೂಡಲೇ ಅರ್ಧ ದಣಿವು ಇಳಿದಿತ್ತು.

ರಾತ್ರಿ ಊಟಕ್ಕೆ ಜಗಲಿಯಲ್ಲೇ ಬಾಳೆ ಎಲೆ ಹಾಕಿದರು. ಒಂದೆಲಗದ ತಂಬುಳಿ, ಅಪ್ಪೆಹುಳಿ, ಸುಟ್ಟ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಕೊನೆಗೆ ತೊಡೆದೇವು. ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿ ಹಿಟ್ಟನ್ನು ಬೋರಲಾಗಿಟ್ಟ ಬಿಸಿ ಮಡಕೆಯ ಬೆನ್ನಿನ ಮೇಲೆ ಬಟ್ಟೆಯಿಂದ ಎಳೆದು, ಕಾಗದದಷ್ಟು ತೆಳ್ಳಗೆ ಎಬ್ಬಿಸುವ ತಿನಿಸು ಅದು. ರಾಗಿಮುದ್ದೆ, ಹುರುಳಿಸಾರು ಉಂಡು ಬೆಳೆದ ನಾವಿಬ್ಬರೂ ಅದನ್ನು ಮಡಿಚಬೇಕೋ, ಮುರಿಯಬೇಕೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಜಮಾನರೇ ತುಪ್ಪ ಹಾಕಿ, ಬಿಸಿಹಾಲಿನಲ್ಲಿ ಹೇಗೆ ಅದ್ದಬೇಕೆಂದು ತೋರಿಸಿಕೊಟ್ಟರು.

ಮೂರು ಎಲೆಗಳಿದ್ದವು. ನನ್ನದು, ಡಾಕ್ಟರದು, ಯಜಮಾನರದು. ನಡುವಿನ ಎಲೆ ಡಾಕ್ಟರದು. ಊಟವೆಲ್ಲ ಮುಗಿದು ಕವಳದ ಹರಿವಾಣ ಬಂದಾಗ ನನಗೆ ಹೊಳೆಯಿತು: ಮನೆಯ ಉಳಿದ ಗಂಡಸರೆಲ್ಲ ಒಳಗೆ ಉಣ್ಣುತ್ತಿದ್ದಾರೆ, ಒಳಗಿನ ಪಂಕ್ತಿಗೆ ನಮ್ಮನ್ನು ಕರೆಯಲು ಇವರಿಂದ ಆಗಿಲ್ಲ. ಆಗದೆ, ಇವರೇ ಎದ್ದು ಹೊರಗೆ ಬಂದಿದ್ದಾರೆ. ಬಾಗಿಲ ಕತ್ತಲಲ್ಲಿ ಬಿಳಿಯ ಸೀರೆಯ ಒಬ್ಬ ವೃದ್ಧೆ ನಿಂತು ನೋಡುತ್ತಿದ್ದರು. ಯಜಮಾನರ ತಾಯಿ. ಡಾಕ್ಟರಿಗೂ ಎಲ್ಲ ಅರ್ಥವಾಗಿತ್ತು. ಮಲಗುವ ಮುನ್ನ ಅವರು ನನಗೆ ಹೇಳಿದ್ದು ಒಂದೇ ಮಾತು: "ಮೇಷ್ಟ್ರೇ, ನನ್ನ ಪಕ್ಕದಲ್ಲಿ ಕೂತು ಉಂಡರಲ್ಲ, ಅವರ ಕೈ ನಡುಗುತ್ತಿತ್ತು, ನೋಡಿದಿರಾ?" ನಾನು ನೋಡಿರಲಿಲ್ಲ. ತೊಡೆದೇವು ನೋಡುತ್ತಿದ್ದೆ.

ಮರುದಿನ ಸಮ್ಮೇಳನ. ಶಾಮಿಯಾನ, ಬ್ಯಾಂಡು, ಗವರ್ನರರಿಗೆ ಸ್ವಾಗತ, ಕ್ಲಬ್ಬುಗಳ ನಡುವೆ ಪುಟ್ಟ ಬಾವುಟಗಳ ವಿನಿಮಯ. ಪ್ರತಿಯೊಬ್ಬ ಭಾಷಣಕಾರರೂ ವಿಶ್ವಭ್ರಾತೃತ್ವದ ಮಾತನ್ನಾಡಿದರು. ವೇದಿಕೆಯ ಮೇಲಿದ್ದವರೆಲ್ಲ ಗಂಡಸರೇ. ರೋಟರಿಯಲ್ಲಿ ಆಗಿನ್ನೂ ಹೆಂಗಸರಿಗೆ ಸದಸ್ಯತ್ವವಿರಲಿಲ್ಲ. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1987ರಲ್ಲಿ ಆ ದೇಶದ ಕ್ಲಬ್ಬುಗಳ ವಿಷಯದಲ್ಲಿ ತೀರ್ಪು ಕೊಟ್ಟ ಮೇಲೆ, 1989ರಲ್ಲಿ ಸಂಸ್ಥೆ ತನ್ನ ನಿಯಮವನ್ನೇ ಬದಲಿಸಿತು. ಅಲ್ಲಿಯವರೆಗೆ ಸದಸ್ಯರ ಪತ್ನಿಯರನ್ನು ಒಟ್ಟಾಗಿ ‘ಆನ್’ ಎಂದು ಕರೆಯುತ್ತಿದ್ದರು. 1914ರಲ್ಲಿ ಹ್ಯೂಸ್ಟನ್ ಸಮಾವೇಶಕ್ಕೆ ಹೊರಟ ರೈಲಿನಲ್ಲಿದ್ದ ಆನ್ ಬ್ರುನ್ನಿಯರ್ ಎಂಬಾಕೆಯ ಹೆಸರು ಹೀಗೆ ಲೋಕದ ಎಲ್ಲ ಸದಸ್ಯರ ಹೆಂಡಂದಿರಿಗೂ ಅಂಟಿಕೊಂಡಿತ್ತು. ನಮ್ಮ ಸೀಮೆಯ ಜಯಮ್ಮ, ಸಾವಿತ್ರಮ್ಮಂದಿರೂ ಸೀರೆಗೆ ಆ ಬ್ಯಾಡ್ಜು ಸಿಕ್ಕಿಸಿಕೊಂಡು ಓಡಾಡುತ್ತಿದ್ದರು.

ಸಭೆಯಲ್ಲಿ ಒಂದು ಮಾತು ಮಾತ್ರ ನನ್ನ ಎದೆಗೆ ನಾಟಿತು. ಅದು ಪೋಲಿಯೊ. 1985ರಲ್ಲಿ ರೋಟರಿ ಸಂಸ್ಥೆ ಲೋಕದ ಮಕ್ಕಳಿಗೆಲ್ಲ ಪೋಲಿಯೊ ಲಸಿಕೆ ಮುಟ್ಟಿಸುವ ಸಂಕಲ್ಪ ಮಾಡಿತ್ತು. 12 ಕೋಟಿ ಡಾಲರ್ ಕೂಡಿಸುವ ಗುರಿಯಿಟ್ಟುಕೊಂಡು 1988ರ ಹೊತ್ತಿಗೆ 24.7 ಕೋಟಿ ಡಾಲರ್ ಕೂಡಿಸಿತು. ನನ್ನ ತರಗತಿಯಲ್ಲಿ ಕಾಲಿಗೆ ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡು ಬರುವ ಒಬ್ಬ ಹುಡುಗನಿದ್ದ. ಬೆಂಚಿನ ಸಂದಿಯಲ್ಲಿ ಅವನು ಕಾಲೆಳೆಯುವ ಸದ್ದು ನನಗೆ ಭಾಷಣದ ನಡುವೆಯೂ ಕೇಳಿಸಿತು. ಮುಂದೆ 1995ರಿಂದ ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೊ ಭಾನುವಾರಗಳು ಬಂದವು. ಬೂತಿಗೆ ಬಾರದ ಮಕ್ಕಳನ್ನು ಹುಡುಕಿಕೊಂಡು ಮನೆಮನೆಗೆ ನಡೆದವರಲ್ಲಿ ನಾನೂ ಒಬ್ಬ. ಭಾರತದ ಕೊನೆಯ ಪೋಲಿಯೊ ಪ್ರಕರಣ ವರದಿಯಾದದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ನಮ್ಮ ಪ್ರದೇಶವನ್ನು ಪೋಲಿಯೊಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು. ಸರ್ಕಾರದ ಆರೋಗ್ಯ ಕಾರ್ಯಕರ್ತೆಯರು, ಶಿಕ್ಷಕರು, ಅಂಗನವಾಡಿ ಅಕ್ಕಂದಿರು, ಇಂಥ ಸಂಸ್ಥೆಗಳವರು ಎಲ್ಲರೂ ಸೇರಿ ಗೆದ್ದ ಗೆಲುವು ಅದು. ಹಣದಷ್ಟೇ ಅಗತ್ಯವಾಗಿದ್ದದ್ದು ಪರರ ಹೊಸ್ತಿಲ ಮುಂದೆ ನಿಂತು, ಒಳಗಿನವರ ಅನುಮಾನವನ್ನು ತಾಳ್ಮೆಯಿಂದ ಕೇಳಿ, ಅವರು ಕೊಟ್ಟ ನೀರು ಕುಡಿದು ಮಾತಿಗೆ ಕೂರುವ ಗುಣ. ಈ ಮಾತನ್ನು ಅನುಭವದಿಂದ ಹೇಳುತ್ತಿದ್ದೇನೆ.

ಎರಡನೆಯ ದಿನ ಮಧ್ಯಾಹ್ನ ಪ್ರತಿನಿಧಿಗಳನ್ನೆಲ್ಲ ಬಸ್ಸುಗಳಲ್ಲಿ ಜೋಗಕ್ಕೆ ಕರೆದೊಯ್ದರು. ನಮ್ಮ ಯಜಮಾನರು, "ಈ ತಿಂಗಳಲ್ಲಿ ಜೋಗದಲ್ಲಿ ಬಂಡೆ ನೋಡಬೇಕಷ್ಟೆ, ಆಲೆಮನೆಗೆ ಹೋಗೋಣ ಬನ್ನಿ" ಎಂದು ನಮ್ಮಿಬ್ಬರನ್ನೂ ತಮ್ಮೂರಿನ ಗದ್ದೆಬಯಲಿಗೆ ನಡೆಸಿಕೊಂಡು ಹೋದರು. ಕೋಣಗಳು ಗಾಣ ಸುತ್ತುತ್ತಿದ್ದವು. ದೊಡ್ಡ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ನೊರೆಯೇಳುತ್ತಿತ್ತು. ಶುಂಠಿ, ನಿಂಬೆ ಬೆರೆಸಿದ ಹಾಲನ್ನು ಲೋಟ ತುಂಬಿ ತುಂಬಿ ಕೊಟ್ಟರು. ಆಲೆಮನೆಗೆ ಬಂದವರನ್ನು ಹಾಲು ಕೊಡದೆ ಕಳಿಸುವ ಪದ್ಧತಿ ಆ ಸೀಮೆಯಲ್ಲಿಲ್ಲ. ದಾರಿಹೋಕರು, ದನ ಕಾಯುವ ಹುಡುಗರು, ರೋಟರಿ ಪ್ರತಿನಿಧಿಗಳು, ಎಲ್ಲರಿಗೂ ಅವೇ ಲೋಟಗಳು, ಅದೇ ಹಾಲು. ಡಾಕ್ಟರು ನಾಲ್ಕು ಲೋಟ ಕುಡಿದರು. ಅವರು ಮನಸ್ಸು ಬಿಚ್ಚಿ ನಕ್ಕಿದ್ದನ್ನು ನಾನು ಮೊದಲ ಸಲ ಕಂಡದ್ದು ಅಲ್ಲಿಯೇ.

ಕೊನೆಯ ದಿನ ಬೆಳಿಗ್ಗೆ ನಾವು ಹೊರಡುವ ತಯಾರಿಯಲ್ಲಿದ್ದೆವು. ಜಗಲಿಯಲ್ಲಿ ಎಲೆ ಹಾಕಿತ್ತು. ದೋಸೆ ತಂದವರು ಆ ವೃದ್ಧ ತಾಯಿ. ತಾವೇ ಬಡಿಸಿದರು, ಜೋನಿಬೆಲ್ಲ ಹಾಕಿದರು. ಆಮೇಲೆ ಒಳಗೆ ಹೋಗದೆ ಕಂಬಕ್ಕೆ ಒರಗಿ ಕುಳಿತು, "ಡಾಕ್ಟ್ರೇ, ನಮ್ಮ ಗೌರಿಗೆ ಕೆಚ್ಚಲು ಬಾತಿದೆ, ಹೋಗುವ ಮುಂಚೆ ಒಂದು ಸಲ ನೋಡ್ತೀರಾ?" ಎಂದರು. ಡಾಕ್ಟರು ಕೈ ತೊಳೆದು ಕೊಟ್ಟಿಗೆಗೆ ಹೋದರು. ಹಸುವನ್ನು ಪರೀಕ್ಷಿಸಿ, ಔಷಧಿ ಬರೆದುಕೊಟ್ಟು, ಹಾಲನ್ನು ಹೇಗೆ ಪೂರ್ತಿ ಹಿಂಡಿ ತೆಗೆಯಬೇಕೆಂದು ತೋರಿಸಿಕೊಟ್ಟು ಬಂದರು. ಹೊರಡುವಾಗ ಆ ತಾಯಿ ಇಬ್ಬರಿಗೂ ಒಂದೊಂದು ಡಬ್ಬಿ ಜೋನಿಬೆಲ್ಲ, ಒಂದೊಂದು ಕಟ್ಟು ಹಪ್ಪಳ ಕೊಟ್ಟು, "ಮತ್ತೆ ಬನ್ನಿ, ಮನೆಯವರನ್ನೂ ಕರೆದುಕೊಂಡು ಬನ್ನಿ" ಎಂದರು. ನಮ್ಮನ್ನು ಅವರು ಕೊನೆಗೂ ಒಳಗೆ ಕರೆಯಲಿಲ್ಲ. ಆದರೆ ಎಪ್ಪತ್ತು ದಾಟಿದ ಆ ಜೀವ ತಾನೇ ಜಗಲಿಯವರೆಗೆ ನಡೆದು ಬಂದಿತ್ತು.

ಡಾಕ್ಟರಾಗಿರದಿದ್ದರೆ ಬರುತ್ತಿದ್ದರೇ? ಈ ಪ್ರಶ್ನೆಯನ್ನು ನಾನು ಬಸ್ಸಿನಲ್ಲಿ ಕೇಳಿದೆ. ಡಾಕ್ಟರು ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದು, "ಮೇಷ್ಟ್ರೇ, ನಿಮ್ಮ ಮನೆಗೂ ನಾನು ಡಾಕ್ಟರಾಗಿಯೇ ಬಂದಿದ್ದು" ಎಂದರು.

ನನ್ನ ಬಾಯಿ ಕಟ್ಟಿತು. ಅವರು ನಮ್ಮ ಎಮ್ಮೆಗೆ ಚಿಕಿತ್ಸೆ ಮಾಡಲು ಎರಡು ಬಾರಿ ನಮ್ಮ ಮನೆಗೆ ಬಂದಿದ್ದರು. ಎರಡು ಬಾರಿಯೂ ನಮ್ಮ ತಾಯಿ ಕಿಟಕಿಯ ಗೂಡಿನಲ್ಲಿ ಬೇರೆಯಾಗಿಟ್ಟಿದ್ದ ಲೋಟದಲ್ಲಿ ಅವರಿಗೆ ಕಾಫಿ ಕೊಟ್ಟಿದ್ದರು. ನಾನು ನೋಡಿಯೂ ನೋಡದವನಂತೆ ಹವೆಯ ಮಾತಾಡಿದ್ದೆ. ಶಾಲೆಯಲ್ಲಿ ಮಕ್ಕಳಿಗೆ ಬಸವಣ್ಣನವರ ಪಾಠ ಮಾಡುತ್ತಿದ್ದವನು ನಾನು. ನಮ್ಮದು ವೈದಿಕರ ಮನೆಯೂ ಅಲ್ಲ, ಒಕ್ಕಲಿಗರ ಮನೆ. ಜಗಲಿಯ ಹವ್ಯಕರನ್ನು ಮನಸ್ಸಿನಲ್ಲೇ ಅಳೆಯುತ್ತ ಬಂದಿದ್ದ ನನಗೆ, ನನ್ನ ಮನೆಯ ಗೂಡಿನ ಲೋಟ ನೆನಪಾಗಲು ಡಾಕ್ಟರ ಮಾತೇ ಬೇಕಾಯಿತು.

ಊರಿಗೆ ಬಂದ ಮುಂದಿನ ಭಾನುವಾರ ಡಾಕ್ಟರನ್ನು ಊಟಕ್ಕೆ ಕರೆದೆ. ನಡುಮನೆಯಲ್ಲಿ ಎಲೆ ಹಾಕಿಸಿದೆ. ನನ್ನ ಪತ್ನಿ ಬಡಿಸಿದಳು. ತಾಯಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ, ಎರಡು ದಿನ ನನ್ನೊಡನೆ ಮಾತೂ ಆಡಲಿಲ್ಲ. ಮೂರನೆಯ ದಿನ ಗೂಡಿನಲ್ಲಿ ಆ ಲೋಟ ಇರಲಿಲ್ಲ. ಅದು ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸಮ್ಮೇಳನದಲ್ಲಿ ಅಂಗೀಕಾರವಾದ ನಿರ್ಣಯಗಳಲ್ಲಿ ಒಂದೂ ಇಂದು ನನ್ನ ನೆನಪಿನಲ್ಲಿಲ್ಲ. ನನ್ನ ಮಟ್ಟಿಗೆ ಜಾರಿಯಾದ ನಿರ್ಣಯ ಇದೊಂದೇ.

ಇಷ್ಟೆಲ್ಲ ಹಳೆಯ ಕಥೆ ಹೇಳಿದ್ದಕ್ಕೆ ಕಾರಣವಿದೆ. 2023ರಲ್ಲಿ ಒಂದು ಸೇವಾ ಸಂಸ್ಥೆಯ ಪ್ರಾದೇಶಿಕ ಸಮಾವೇಶಕ್ಕೆ ಹಿರಿಯನೆಂದು ನನ್ನನ್ನೂ ಕರೆದಿದ್ದರು. ಯಾವ ಸಂಸ್ಥೆ, ಯಾವ ಊರು ಎಂಬುದು ಇಲ್ಲಿ ಮುಖ್ಯವಲ್ಲ. ಸಮಾವೇಶ ನಡೆದದ್ದು ಒಂದು ರೆಸಾರ್ಟಿನಲ್ಲಿ. ಎಲ್ಲವೂ ಅಚ್ಚುಕಟ್ಟು. ಹವಾನಿಯಂತ್ರಿತ ಕೊಠಡಿ, ಹತ್ತಾರು ಬಗೆಯ ಭಕ್ಷ್ಯಗಳ ಬಫೆ, ರಾತ್ರಿ ಸಂಗೀತ. ಮೊದಲಿಗಿಂತ ಒಳ್ಳೆಯದಾಗಿ ಕಂಡದ್ದೂ ಇತ್ತು: ವೇದಿಕೆಯ ನಡುವೆ ಹೆಂಗಸರು ಕುಳಿತಿದ್ದರು, ಯಾರ ಪತ್ನಿಯಾಗಿಯೂ ಅಲ್ಲದೆ ತಮ್ಮದೇ ಹೆಸರಿನಲ್ಲಿ. ಆದರೆ ಎರಡು ದಿನಗಳಲ್ಲಿ ಆ ಊರಿನ ಒಂದು ಮನೆಯ ಬಾಗಿಲನ್ನೂ ನಾನು ನೋಡಲಿಲ್ಲ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ ಎಲ್ಲರೂ ತಮ್ಮ ತಮ್ಮ ಊರಿನವರ ಜೊತೆಗೇ ನಿಂತರು. ಹೊರಟಾಗ ಕೌಂಟರಿನವರು ಕೀಲಿಕೈ ಪಡೆದು ನಕ್ಕರು. "ಮತ್ತೆ ಬನ್ನಿ" ಎಂದೂ ಹೇಳಿದರು. ಅದು ಅವರ ನೌಕರಿ.

ಅಲ್ಲಿ ಯಾರ ಕೈಯೂ ನಡುಗಲಿಲ್ಲ. ಪಕ್ಕದಲ್ಲಿ ಯಾರು ಕುಳಿತರೂ ನಡುಗುವ ಪ್ರಸಂಗವೇ ಬರುವುದಿಲ್ಲ. ಹಣ ಕೊಟ್ಟ ಊಟದಲ್ಲಿ ಜಾತಿಯಿಲ್ಲ ಎಂದು ನಾವು ಹೆಮ್ಮೆಪಡುತ್ತೇವೆ. ನನಗೆ ಅನ್ನಿಸುವುದೇ ಬೇರೆ. ಹೋಟೆಲಿನ ಮೇಜಿನಲ್ಲಿ ಎಲ್ಲರೊಡನೆ ಉಂಡು, ಮನೆಗೆ ಹೋಗಿ ಗೂಡಿನ ಲೋಟವನ್ನು ಹಾಗೆಯೇ ಇಟ್ಟುಕೊಳ್ಳಬಹುದು. ಸಹೋದರತ್ವದ ಪರೀಕ್ಷೆ ನಡೆಯುವುದು ನಮ್ಮ ನಮ್ಮ ಮನೆಯ ಹೊಸ್ತಿಲಲ್ಲಿ. ಆ ಪರೀಕ್ಷೆಗೆ ಕೂರದೆಯೇ ತೇರ್ಗಡೆಯಾಗುವ ಉಪಾಯವನ್ನು ರೆಸಾರ್ಟುಗಳು ನಮಗೆ ಒದಗಿಸಿಕೊಟ್ಟಿವೆ.

ರೋಟರಿಯ ಹುಟ್ಟನ್ನೇ ನೋಡಿ. 1905ರ ಫೆಬ್ರವರಿ 23ರಂದು ಷಿಕಾಗೋ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರೊಡನೆ ಸೇರಿದರು. ಒಬ್ಬರು ಕಲ್ಲಿದ್ದಲು ವ್ಯಾಪಾರಿ, ಒಬ್ಬರು ಗಣಿ ಎಂಜಿನಿಯರು, ಒಬ್ಬರು ದರ್ಜಿ. ಹಳ್ಳಿಗಾಡಿನಲ್ಲಿ ಬೆಳೆದು ಮಹಾನಗರಕ್ಕೆ ಬಂದ ಹ್ಯಾರಿಸರನ್ನು ಒಂಟಿತನ ಕಾಡಿತ್ತು. ಈ ವಾರ ನನ್ನಲ್ಲಿ, ಮುಂದಿನ ವಾರ ನಿನ್ನಲ್ಲಿ ಎಂದು ಸರದಿಯ ಮೇಲೆ ಪರಸ್ಪರರ ಕೆಲಸದ ಜಾಗಗಳಿಗೆ ಹೋಗಿ ಸೇರುತ್ತಿದ್ದುದರಿಂದಲೇ ಆ ಹೆಸರು ಬಂದಿತು. ಎಂದರೆ, ಒಬ್ಬರ ಜಾಗಕ್ಕೆ ಇನ್ನೊಬ್ಬರು ಹೋಗುವುದೇ ಈ ಕೂಟದ ಮೂಲ ಧರ್ಮ. ರೋಟರಿಯೇ ಆಗಲಿ, ಇನ್ನಾವ ಬಂಧುಕೂಟವೇ ಆಗಲಿ, ಎಲ್ಲರೂ ಯಾರ ಜಾಗವೂ ಅಲ್ಲದ ಜಾಗದಲ್ಲಿ ಸೇರಲಾರಂಭಿಸಿದರೆ ಆ ಧರ್ಮದಲ್ಲಿ ಉಳಿದದ್ದೇನು?

ನನ್ನ ಮಾತಿಗೆ ಆಕ್ಷೇಪಣೆಗಳಿವೆ, ಬಲ್ಲೆ. ಇಂದಿನ ಮನೆಗಳು ಚಿಕ್ಕವು, ಗಂಡ ಹೆಂಡತಿ ಇಬ್ಬರೂ ದುಡಿಯುವವರು. ನನ್ನ ಮಗಳೇ ಈ ಲೇಖನದ ಕರಡು ಓದಿ ಕೇಳಿದಳು: "ಅಪ್ಪಾ, ಆ ಮನೆಯಲ್ಲಿ ನಿಮಗಾಗಿ ತೊಡೆದೇವು ಮಾಡಿದವರು ಯಾರು? ಅವರ ಮುಖ ನೋಡಿದಿರಾ?" ನೋಡಿರಲಿಲ್ಲ. ಅಡಿಕೆಯ ಕಾಲದಲ್ಲಿ, ಇಪ್ಪತ್ತು ಆಳುಗಳ ಅಡುಗೆಯ ಜೊತೆಗೆ ನಮ್ಮ ಅಡುಗೆಯನ್ನೂ ಮಾಡಿದ ಆ ಮನೆಯ ಸೊಸೆಯಂದಿರು ಒಮ್ಮೆಯೂ ಜಗಲಿಗೆ ಬಂದಿರಲಿಲ್ಲ. ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದವರು ಎಲ್ಲಿ ಕುಳಿತು ಉಂಡರು, ಏನು ಉಂಡರು ಎಂಬುದನ್ನೂ ನಾನು ಗಮನಿಸಲಿಲ್ಲ. ಡಾಕ್ಟರ ಎಲೆ ಎಲ್ಲಿತ್ತೆಂದು ಇಂದಿಗೂ ನೆನಪಿಟ್ಟುಕೊಂಡಿರುವ ನಾನು! ಆ ಜಗಲಿಯ ಸಹೋದರತ್ವಕ್ಕೂ ಒಂದು ಅಂಚಿತ್ತು, ಅದರಾಚೆ ಅನೇಕರಿದ್ದರು. ಅದನ್ನು ಮರೆಮಾಚಿ ಹಳೆಯ ಕಾಲವೇ ಚೆನ್ನಾಗಿತ್ತೆಂದು ಹೇಳಿದರೆ ಅಪ್ರಾಮಾಣಿಕತೆಯಾದೀತು.

ಆದ್ದರಿಂದ ಹಳೆಯದನ್ನು ಹಾಗೆಯೇ ಮರಳಿ ತನ್ನಿ ಎಂದು ನಾನು ಹೇಳುತ್ತಿಲ್ಲ. ವಸತಿ ಎಲ್ಲಿ ಬೇಕಾದರೂ ಇರಲಿ. ಎರಡು ದಿನಗಳ ಸಮಾವೇಶದಲ್ಲಿ ಒಂದು ಹೊತ್ತಿನ ಊಟ ಮಾತ್ರ ಸ್ಥಳೀಯ ಸದಸ್ಯರ ಮನೆಗಳಲ್ಲಾಗಲಿ. ಯಾರು ಯಾರ ಮನೆಗೆ ಎಂಬುದನ್ನು ಚೀಟಿಯೆತ್ತಿ ನಿರ್ಧರಿಸಲಿ, ಅನುಕೂಲ ನೋಡಿ ಹಂಚುವುದು ಬೇಡ. ಅಡುಗೆ ಸರಳವಾಗಿರಲಿ, ಅನ್ನ, ಸಾರು, ಮಜ್ಜಿಗೆ ಸಾಕು. ಮನೆಯ ಗಂಡಸರು ಅಡುಗೆಗೆ ಕೈಜೋಡಿಸಲಿ, ಮನೆಯವರೆಲ್ಲ ಒಂದೇ ಸಾಲಿನಲ್ಲಿ ಅತಿಥಿಯೊಡನೆ ಕುಳಿತು ಉಣ್ಣಲಿ. ಎಂದೂ ಯಾರನ್ನೂ ಒಳಗೆ ಕರೆಯದ ಮನೆ ಒಂದಾದರೂ ಹೀಗೆ ತೆರೆದುಕೊಂಡರೆ, ಆ ವರ್ಷದ ಸಮಾವೇಶ ಸಾರ್ಥಕವಾಯಿತೆಂದು ನಾನು ತಿಳಿಯುತ್ತೇನೆ.

ಡಾಕ್ಟರು ಈಗಿಲ್ಲ. ನಿವೃತ್ತರಾದ ಮೇಲೆ ಅವರು ತಮ್ಮ ಹುಟ್ಟೂರಿನಲ್ಲೇ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ನಾನು ಹೋಗಿದ್ದೆ. ಆ ಮನೆಗೆ ದೊಡ್ಡದೊಂದು ನಡುಮನೆಯಿತ್ತು, ಜಗಲಿಯೇ ಇರಲಿಲ್ಲ. ಏಕೆಂದು ಕೇಳಿದೆ. "ಬಂದವರು ನೇರವಾಗಿ ಒಳಗೇ ಬರಲಿ ಅಂತ ಮೇಷ್ಟ್ರೇ" ಎಂದು ನಕ್ಕು, ನನ್ನ ಕೈ ಹಿಡಿದು ಊಟದ ಸಾಲಿಗೆ ಕರೆದೊಯ್ದರು. ಮಲೆನಾಡಿನ ಆ ಯಜಮಾನರೂ ಅಂದು ಮಗನ ಜೊತೆ ಅಷ್ಟು ದೂರದಿಂದ ಬಂದಿದ್ದರು, ಕೈಯಲ್ಲೊಂದು ಡಬ್ಬಿ ಜೋನಿಬೆಲ್ಲ ಹಿಡಿದುಕೊಂಡು. ಮೂವರೂ ಮತ್ತೊಮ್ಮೆ ಪಕ್ಕಪಕ್ಕದಲ್ಲಿ ಕುಳಿತು ಉಂಡೆವು. ಈ ಸಲ ನಾನು ಅವರ ಕೈಯನ್ನೇ ನೋಡಿದೆ. ವಯಸ್ಸಾಗಿತ್ತು, ಕೊಂಚ ನಡುಗುತ್ತಿತ್ತು. ಅದು ವಯಸ್ಸಿನ ನಡುಕ ಮಾತ್ರ.